ಹೊಳೆಯ ಮಗ್ಗುಲಲ್ಲೊಂದು ಕೊಳ: ಸಿನ್ಸಿನಾಟಿಯ ಕೋನಿ ಐಲೆಂಡ್

ಅಮೆರಿಕದ ಒಹಾಯೊ ನದಿ ಸಿನ್ಸಿನಾಟಿ ನಗರದ ನಡುಭಾಗ ಮುಟ್ಟುವುದಕ್ಕೆ ಸುಮಾರು 10 ಮೈಲಿ ಮೊದಲು, ಒಂದೇ ಊರಬದಿಯಲ್ಲಿ ಮೂರು ಬಗೆಯ ನೀರು ಇತ್ತು. ಮೊದಲನೆಯದು ನದಿಯೇ. ಎರಡನೆಯದು ನಗರದ ವಾಟರ್ ವರ್ಕ್ಸ್. 1907ರಿಂದ ಅಲ್ಲಿ ಒಹಾಯೊ ನೀರನ್ನೇ ಎತ್ತಿ, ತಿಳಿಯಾಗಲು ಬಿಟ್ಟು, ಮರಳಿನಲ್ಲಿ ಸೋಸಿ ಊರಿಗೆ ಕುಡಿಯಲು ಕೊಡುತ್ತಿದ್ದಾರೆ. ಮೂರನೆಯದು ಕೋನಿ ಐಲೆಂಡ್ ಎಂಬ ಮನರಂಜನಾ ಪಾರ್ಕಿನ ಸನ್‌ಲೈಟ್ ಪೂಲ್, 401 ಅಡಿ ಉದ್ದ 200 ಅಡಿ ಅಗಲದ ಕಾಂಕ್ರೀಟ್ ಕೊಳ. ಸುಮಾರು ಒಂದು ಶತಮಾನ ಕಾಲ ಬೇಸಿಗೆ ಬಂತೆಂದರೆ ಜನ ಸಾವಿರಗಟ್ಟಲೆ ಇಲ್ಲಿಗೆ ಬಂದರು, ದುಡ್ಡು ಕೊಟ್ಟು ಆ ಕೊಳಕ್ಕೆ ಇಳಿದರು. ಕಣ್ಣಳತೆಯಲ್ಲೇ ಹರಿಯುತ್ತಿದ್ದ ಹೊಳೆಗೆ ಇಳಿಯಲಿಲ್ಲ.

ನನ್ನನ್ನು ಬಹಳ ದಿನಗಳಿಂದ ಕೊರೆಯುತ್ತಿರುವುದು ಇದೇ. ಕುಡಿಯುವುದಕ್ಕೆ ಈ ನದಿ ಬೇಕು, ಮೈ ಅದ್ದುವುದಕ್ಕೆ ಬೇಡ ಎಂಬ ಸ್ಥಿತಿ ಹೇಗೆ ಬಂತು? "ನದಿ ಹೊಲಸಾಯಿತು, ಅದಕ್ಕೇ" ಎಂದು ಒಂದು ಮಾತಿನಲ್ಲಿ ಮುಗಿಸಬಹುದು. ಅದು ನಿಜವೂ ಹೌದು, ಆದರೆ ಪೂರ್ತಿ ಉತ್ತರ ಅಲ್ಲ. ನದಿಯ ಮಟ್ಟವನ್ನು ಬದಲಿಸಿದ ಅಣೆಗಳು, ಜನ ಬರುವ ದಾರಿಯನ್ನು ಬದಲಿಸಿದ ಕಾರುಗಳು, ಯಾರು ನೀರಿಗಿಳಿಯಬಹುದು ಎಂದು ತೀರ್ಮಾನಿಸಿದ ಗೇಟು, ಇವೆಲ್ಲ ಸೇರಿಯೇ ಆ ಉತ್ತರ ಆಗುತ್ತದೆ.

ಸೇಬಿನ ತೋಟದಿಂದ ದೋಣಿಕಟ್ಟೆಗೆ

ಈ ಜಾಗವನ್ನು 1867ರಲ್ಲಿ ಕೊಂಡವನು ಜೇಮ್ಸ್ ಪಾರ್ಕರ್ ಎಂಬ ರೈತ. ಸೇಬು ಬೆಳೆಯುವುದಕ್ಕೆಂದು ಕೊಂಡ ನೆಲ. ಆದರೆ ಹೊಳೆದಂಡೆಯ ನೆರಳನ್ನು ಹುಡುಕಿಕೊಂಡು ಪಿಕ್ನಿಕ್‌ಗೆ ಬರುವವರಿಗೆ ತೋಟವನ್ನು ಬಾಡಿಗೆಗೆ ಕೊಟ್ಟರೆ ಹಣ್ಣಿಗಿಂತ ಹೆಚ್ಚು ಹುಟ್ಟುತ್ತದೆ ಎಂದು ಅವನಿಗೆ ಬೇಗ ತಿಳಿಯಿತು. ಊಟದ ಮನೆ, ಕುಣಿಯುವುದಕ್ಕೆ ಒಂದು ಹಾಲ್, ಹೇಸರಗತ್ತೆ ಎಳೆಯುವ ತಿರುಗುಕುದುರೆ ಒಂದೊಂದಾಗಿ ಬಂದವು. 1886ರಲ್ಲಿ ಅವನಿಂದ ಇದನ್ನು ಕೊಂಡವರು ಸ್ಟೀಮರ್ ನಡೆಸುವವರು. ಆ ವರ್ಷದ ಜೂನ್ 21ಕ್ಕೆ ಪಾರ್ಕ್ ತೆರೆಯಿತು. ನ್ಯೂಯಾರ್ಕಿನ ಹೆಸರಾಂತ ಕಡಲತೀರದ ಹೆಸರನ್ನು ತಂದು ಇಲ್ಲಿಗೆ ಅಂಟಿಸಿದರು.

ಕೊಂಡವರು ಸ್ಟೀಮರಿನವರು ಎಂಬುದೇ ಇಲ್ಲಿ ಮುಖ್ಯ. ಅವರಿಗೆ ಬೇಕಿದ್ದದ್ದು ಟಿಕೆಟ್ ಕೊಂಡವರು ಹೋಗಿ ಇಳಿಯುವುದಕ್ಕೆ ಒಂದು ಜಾಗ. ಹತ್ತು ಮೈಲಿ ನದಿಯ ಮೇಲೆ ಗಾಳಿ ತಿನ್ನುತ್ತ, ಸಂಗೀತ ಕೇಳುತ್ತ ಹೋಗುವುದೇ ಅರ್ಧ ಮನರಂಜನೆ, ಉಳಿದರ್ಧ ಪಾರ್ಕಿನಲ್ಲಿ. ಐಲೆಂಡ್ ಕ್ವೀನ್ ಎಂಬ ಸ್ಟೀಮರಿನ ಹೆಸರು ಸಿನ್ಸಿನಾಟಿಯ ಹಳಬರ ಬಾಯಲ್ಲಿ ಪಾರ್ಕಿನ ಹೆಸರಿನ ಜೊತೆಗೇ ಬರುತ್ತಿತ್ತು. ಮೊದಲನೆಯ ಐಲೆಂಡ್ ಕ್ವೀನ್ 1922ರಲ್ಲಿ ಊರಿನ ದೋಣಿಕಟ್ಟೆಯಲ್ಲೇ ಸುಟ್ಟುಹೋಯಿತು. 1925ರಲ್ಲಿ ಬಂದ ಎರಡನೆಯದು ಐದು ಅಂತಸ್ತಿನದು, 4,000 ಜನ ಹಿಡಿಸುವಂಥದು. ಅಷ್ಟು ಜನರನ್ನು ಒಂದೇ ಸಲಕ್ಕೆ ಇಳಿಸಬೇಕೆಂದರೆ ಪಾರ್ಕ್ ನದಿಯ ಅಂಚಿನಲ್ಲೇ ಇರಬೇಕು, ದಂಡೆ ತಗ್ಗಿನಲ್ಲೇ ಇರಬೇಕು. ಮುಂದೆ ನೆರೆ ಬಂದಾಗಲೆಲ್ಲ "ಇಂಥ ತಗ್ಗಿನಲ್ಲಿ ಯಾಕೆ ಕಟ್ಟಿದರು" ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ತಗ್ಗಿನಲ್ಲಿ ಇಲ್ಲದಿದ್ದರೆ ಪಾರ್ಕೇ ಇರುತ್ತಿರಲಿಲ್ಲ.

ಮರಳು ಎಲ್ಲಿಗೆ ಹೋಯಿತು

ಇಂದಿನ ಒಹಾಯೊ ನದಿಯನ್ನು ನೋಡಿದವರಿಗೆ ಅದರ ಹಳೆಯ ರೂಪ ಊಹೆಗೂ ಸಿಗುವುದಿಲ್ಲ. ಬೇಸಿಗೆಯಲ್ಲಿ ತುಂಗಭದ್ರೆಯ ಹೊಳೆಸಾಲಿನಲ್ಲಿ ಮರಳ ದಿಬ್ಬಗಳು ಏಳುವುದನ್ನು ಕಂಡವರಿಗೆ ಮಾತ್ರ ಅದು ಅರ್ಥವಾದೀತು. 1881ರ ಬರದಲ್ಲಿ ಸಿನ್ಸಿನಾಟಿಯಲ್ಲಿ ನದಿಯ ಮಟ್ಟ ಅಳೆಯುವ ಮಾಪಕ 2 ಅಡಿಗೂ ಕೆಳಗೆ ಇಳಿದಿತ್ತು. ಹೊಳೆ ಹಾಗೆ ಬತ್ತಿದಾಗ ಎರಡೂ ದಂಡೆಗಳಲ್ಲಿ ಅಗಲವಾದ ಮರಳು ಬಿಚ್ಚಿಕೊಳ್ಳುತ್ತಿತ್ತು. ಎದುರು ದಂಡೆಯ ಕೆಂಟಕಿ ರಾಜ್ಯದ ಬೆಲ್ವ್ಯೂ ಪಟ್ಟಣ ಆ ಮರಳಿನಿಂದಲೇ ಹೆಸರಾಯಿತು. ಕ್ವೀನ್ ಸಿಟಿ ಬೀಚ್, ಪ್ರಿಮ್‌ರೋಸ್, ರಿವಿಯೆರಾ ಎಂಬ ಸ್ನಾನದ ತೀರಗಳಿಗೆ ಸಿನ್ಸಿನಾಟಿಯ ಜನ ಬೇಸಿಗೆಯಿಡೀ ಹೊಳೆ ದಾಟಿ ಹೋಗುತ್ತಿದ್ದರು. ಬಟ್ಟೆ ಬದಲಿಸುವ ಕೋಣೆಗಳು, ಬಾಡಿಗೆಯ ಈಜುಡುಗೆ, ಮರಳಿನ ಮೇಲೆ ಕೊಡೆಗಳು, ಎಲ್ಲವೂ ನದಿಯ ದಂಡೆಯಲ್ಲೇ.

ದೋಣಿ ನಡೆಸುವವರಿಗೆ ಮಾತ್ರ ಆ ತಗ್ಗು ನೀರೇ ಶಾಪ. ಕಲ್ಲಿದ್ದಲು ತುಂಬಿದ ದೋಣಿಗಳು ವಾರಗಟ್ಟಲೆ ನೀರು ಏರುವುದನ್ನು ಕಾಯುತ್ತ ನಿಲ್ಲಬೇಕಾಗುತ್ತಿತ್ತು. ಅದಕ್ಕೆ ಪರಿಹಾರವಾಗಿ ಸರಕಾರ ನದಿಯುದ್ದಕ್ಕೂ ಅಣೆಗಳನ್ನು ಕಟ್ಟಿತು. ಸಿನ್ಸಿನಾಟಿಯ ಕೆಳಗಡೆ ಫರ್ನ್‌ಬ್ಯಾಂಕ್ ಎಂಬಲ್ಲಿನ 37ನೇ ಅಣೆ 1911ರಲ್ಲಿ ಮುಗಿಯಿತು. ನದಿಯ ಉದ್ದಕ್ಕೂ 9 ಅಡಿ ಆಳ ಸಿಗುವಂತೆ ಮಾಡುವ ಇಡೀ ಯೋಜನೆ 1929ಕ್ಕೆ ಪೂರ್ತಿಯಾಯಿತು.

ಈ ಅಣೆಗಳ ರಚನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಇವು ನಮ್ಮ ಕಟ್ಟೆಗಳಂತೆ ಗಟ್ಟಿ ಗೋಡೆಗಳಾಗಿರಲಿಲ್ಲ. ನದಿಯ ತಳದಲ್ಲಿ ಕಾಂಕ್ರೀಟ್ ಹಾಸು, ಅದಕ್ಕೆ ಕೀಲು ಹಾಕಿ ಕೂರಿಸಿದ ಸುಮಾರು 4 ಅಡಿ ಅಗಲದ ಮರದ ಹಲಗೆಬಾಗಿಲುಗಳು, ನೂರಾರು, ಸಾಲಾಗಿ. ಪ್ರತಿ ಬಾಗಿಲಿನ ಬೆನ್ನಿಗೆ ಒಂದು ಕಬ್ಬಿಣದ ಊರುಗೋಲು. ನೀರು ತಗ್ಗಿದಾಗ ದೋಣಿಯ ಮೇಲಿನ ಕ್ರೇನಿನಿಂದ ಒಂದೊಂದನ್ನೇ ಎಬ್ಬಿಸಿ ನಿಲ್ಲಿಸುತ್ತಿದ್ದರು. ನೀರು ಏರಿದಾಗ ಊರುಗೋಲು ಜಾರಿಸಿ ಎಲ್ಲವನ್ನೂ ತಳಕ್ಕೆ ಮಲಗಿಸುತ್ತಿದ್ದರು, ದೋಣಿಗಳು ಅವುಗಳ ಮೇಲೆಯೇ ಸಾಗಿಹೋಗುತ್ತಿದ್ದವು. ಅಂದರೆ ಅಣೆ ಕೆಲಸ ಮಾಡುತ್ತಿದ್ದದ್ದು ಬೇಸಿಗೆಯಲ್ಲಿ ಮಾತ್ರ. ನೆರೆ ಬರುವ ಹೊತ್ತಿಗೆ ಅದು ನದಿಯ ತಳದಲ್ಲಿ ಮಲಗಿರುತ್ತಿತ್ತು, ಒಂದು ಅಂಗುಲ ನೆರೆಯನ್ನೂ ತಡೆಯುತ್ತಿರಲಿಲ್ಲ.

ಹೀಗಾಗಿ ದಂಡೆಯವರಿಗೆ ಎರಡೂ ಕಡೆಯಿಂದ ಏಟು ಬಿತ್ತು. ಜನ ಈಜಲು ಬರುವ ಜುಲೈ, ಆಗಸ್ಟ್ ತಿಂಗಳಲ್ಲೇ ನೀರು ಎತ್ತರಕ್ಕೆ ನಿಂತು ಮರಳ ತೀರ ಮುಳುಗಿತು. ಚಳಿಗಾಲದ ಕೊನೆಯ ನೆರೆ ಮಾತ್ರ ಮೊದಲಿನಂತೆಯೇ ಉಳಿಯಿತು. ನಿಂತ ನೀರಿನಲ್ಲಿ ಮರಳಿನ ಬದಲು ನುಣ್ಣನೆ ಹೂಳು ಕೂರತೊಡಗಿತು. ಕಾಲಿಟ್ಟರೆ ಮೊಣಕಾಲವರೆಗೆ ಕೆಸರು. ಮುಂದೆ 1960ರ ದಶಕದ ಮೊದಲಿಗೆ ಮಾರ್ಕ್‌ಲ್ಯಾಂಡ್ ಎಂಬಲ್ಲಿ ಎತ್ತರದ ಹೊಸ ಅಣೆ ಬಂದಮೇಲೆ ಸಿನ್ಸಿನಾಟಿಯ ಮಾಪಕ ಬೇಸಿಗೆಯಲ್ಲೂ 25 ಅಡಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. 1881ರ ದಿಬ್ಬಗಳು ಈಗ 20 ಅಡಿಗೂ ಹೆಚ್ಚು ನೀರಿನಡಿ ಇವೆ.

ಹೊಲಸಿನ ಲೆಕ್ಕ ಇದರ ಜೊತೆಗೆ ಸೇರಿತು. ದಂಡೆಯ ಊರುಗಳ ಚರಂಡಿ ನೇರ ನದಿಗೆ ಬೀಳುತ್ತಿತ್ತು. ಹರಿಯುವ ನೀರು ಅದನ್ನು ಕೊಂಚವಾದರೂ ಕೊಂಡೊಯ್ಯುತ್ತದೆ, ಅಣೆಗಳ ನಡುವೆ ನಿಂತ ನೀರು ಕೊಂಡೊಯ್ಯುವುದಿಲ್ಲ. ಎಂಟು ರಾಜ್ಯಗಳು ಸೇರಿ ನದಿಯನ್ನು ಶುಚಿಯಾಗಿಡುವ ಒಪ್ಪಂದಕ್ಕೆ ಸಹಿ ಹಾಕಿದ್ದು 1948ರಲ್ಲಿ, ಸಿನ್ಸಿನಾಟಿಯಲ್ಲೇ. ಅಂದರೆ ತೀರಗಳು ಮುಳುಗಿ ಒಂದು ತಲೆಮಾರು ಕಳೆದ ಮೇಲೆ.

ಮೂವತ್ತು ಲಕ್ಷ ಗ್ಯಾಲನ್

1924ರಲ್ಲಿ ಜಾರ್ಜ್ ಶಾಟ್ ಪಾರ್ಕನ್ನು ಕೊಂಡ. ಮರುವರ್ಷ 1925ರ ಬೇಸಿಗೆಗೆ ಸನ್‌ಲೈಟ್ ಪೂಲ್ ತೆರೆಯಿತು, ಜೊತೆಗೇ ಮೂನ್‌ಲೈಟ್ ಗಾರ್ಡನ್ಸ್ ಎಂಬ ಬಯಲು ನೃತ್ಯಾಂಗಣ. ಹೋದ ಮರಳ ತೀರಕ್ಕೆ ಇದೇ ಬದಲಿ. 30 ಲಕ್ಷ ಗ್ಯಾಲನ್‌ಗೂ ಹೆಚ್ಚು ನೀರು, ಅಂದರೆ 1.1 ಕೋಟಿ ಲೀಟರಿಗೆ ಮೇಲೆ. ಅಳತೆಗಳನ್ನು ಭಾಗಿಸಿ ನೋಡಿದರೆ ಸರಾಸರಿ ಆಳ 5 ಅಡಿ ಬರುತ್ತದೆ. ಹೆಚ್ಚಿನ ಜನ ನಿಂತು, ಆಡಿ, ನೆನೆಯುವುದಕ್ಕೆ ಮಾಡಿದ ಕೊಳ ಎಂಬುದು ಅದರಿಂದಲೇ ತಿಳಿಯುತ್ತದೆ.

ಅದರ ಹೆಗ್ಗಳಿಕೆ ಗಾತ್ರದ್ದಷ್ಟೇ ಅಲ್ಲ, ನೀರನ್ನು ಮರುಸುತ್ತು ಹಾಕಿಸುವ ಕೊಳಗಳಲ್ಲಿ ಜಗತ್ತಿನಲ್ಲೇ ದೊಡ್ಡದು ಎಂಬುದು. ಅದಕ್ಕಿಂತ ಹಿಂದಿನ ಎಷ್ಟೋ ಕೊಳಗಳಲ್ಲಿ ತುಂಬಿಸು, ಕೊಳೆಯುವವರೆಗೆ ಬಳಸು, ಖಾಲಿ ಮಾಡು, ಮತ್ತೆ ತುಂಬಿಸು ಎಂಬುದೇ ಪದ್ಧತಿ. ಸೋಮವಾರ ತಿಳಿನೀರು, ಶನಿವಾರಕ್ಕೆ ಕಲಗಚ್ಚು. 30 ಲಕ್ಷ ಗ್ಯಾಲನ್‌ಗೆ ಅದು ಸಾಧ್ಯವಿಲ್ಲದ ಮಾತು. ಮರುಸುತ್ತು ಎಂದರೆ ಕೊಳದ ನೀರನ್ನೇ ಪಂಪಿನಿಂದ ಎಳೆದು, ಕೂದಲು ಎಲೆಗಳನ್ನು ಬಲೆಯಲ್ಲಿ ಹಿಡಿದು, ಆಲಂ ಅಂದರೆ ಪಟಿಕ ಬೆರೆಸಿ ನುಣ್ಣನೆ ಕೊಳೆಯನ್ನು ಹೆಪ್ಪುಗಟ್ಟಿಸಿ, ಮರಳಿನ ಫಿಲ್ಟರಿನಲ್ಲಿ ಸೋಸಿ, ಕ್ಲೋರಿನ್ ಸೇರಿಸಿ ವಾಪಸ್ ಬಿಡುವುದು. ಕೊಳೆಯನ್ನು ಹೆಪ್ಪುಗಟ್ಟಿಸಿ ಮರಳಿನಲ್ಲಿ ಸೋಸುವುದು ಪಕ್ಕದ ವಾಟರ್ ವರ್ಕ್ಸ್ 1907ರಿಂದ ಕುಡಿಯುವ ನೀರಿಗೆ ಬಳಸಿದ ತತ್ವವೇ.

ಲೆಕ್ಕ ಹಾಕಿ ನೋಡಿದರೆ ಈ ಕೆಲಸದ ತೂಕ ಗೊತ್ತಾಗುತ್ತದೆ. ಇಷ್ಟು ನೀರನ್ನು 8 ಗಂಟೆಗೊಮ್ಮೆ ಪೂರ್ತಿ ಸುತ್ತಿಸಬೇಕೆಂದರೆ ನಿಮಿಷಕ್ಕೆ 6,250 ಗ್ಯಾಲನ್ ಎಳೆಯಬೇಕು. ಮರಳಿನ ಫಿಲ್ಟರು ಚದರಡಿಗೆ ನಿಮಿಷಕ್ಕೆ 3 ಗ್ಯಾಲನ್ ಸೋಸುತ್ತದೆ ಎಂದಿಟ್ಟುಕೊಂಡರೆ 2,000 ಚದರಡಿಗೂ ಹೆಚ್ಚು ಮರಳ ಹಾಸು ಬೇಕು. ಇನ್ನೊಂದು ಸಂಗತಿ ಹೊಸಬರಿಗೆ ಹೊಳೆಯುವುದಿಲ್ಲ. ಒಂದು ಸುತ್ತು ಮುಗಿದರೆ ನೀರೆಲ್ಲ ಶುದ್ಧವಾಯಿತು ಎಂದರ್ಥವಲ್ಲ. ಸೋಸಿ ಬಂದ ನೀರು ಸೋಸದ ನೀರಿನ ಜೊತೆ ಬೆರೆಯುತ್ತಲೇ ಇರುತ್ತದೆ. ಆದ್ದರಿಂದ ಮೊದಲ ಸುತ್ತಿಗೆ ಹೋಗುವುದು ನೂರಕ್ಕೆ 63ರಷ್ಟು ಕೊಳೆ, ಎರಡನೆಯದಕ್ಕೆ ಒಟ್ಟು 86, ಮೂರನೆಯದಕ್ಕೆ 95. ಭಾನುವಾರ ಸಂಜೆ ಜನ ಹೋದಮೇಲೆ ಪಂಪು ನಿಲ್ಲಿಸಿದರೆ ಸೋಮವಾರ ಬೆಳಗ್ಗೆ ಕೊಳ ಮಂಜುಮಂಜಾಗಿರುತ್ತದೆ. ರಾತ್ರಿಯಿಡೀ ಓಡಿಸಲೇಬೇಕು. ಮೂಲೆಗಳಲ್ಲಿ ನೀರು ಸುತ್ತದೆ ನಿಂತುಬಿಟ್ಟರೆ ಅಲ್ಲಿಂದಲೇ ಪಾಚಿ ಶುರುವಾಗುತ್ತದೆ.

ಬಿಸಿಲು ಕ್ಲೋರಿನ್ನನ್ನು ತಿಂದುಹಾಕುತ್ತದೆ. ಸುಮಾರು ಎರಡು ಎಕರೆ ಬಯಲಿಗೆ ಬಿಚ್ಚಿಟ್ಟ ನೀರಿನಲ್ಲಿ ಬೆಳಗ್ಗೆ ಹಾಕಿದ್ದು ಮಧ್ಯಾಹ್ನಕ್ಕೆ ಉಳಿಯುವುದಿಲ್ಲ, ಜನ ಹೆಚ್ಚಿರುವುದೂ ಅದೇ ಹೊತ್ತಿಗೆ. ಆವಿಯಾಗಿ ದಿನಕ್ಕೆ ಕಾಲು ಅಂಗುಲ ಹೋದರೂ 12,500 ಗ್ಯಾಲನ್, ಸುಮಾರು 47,000 ಲೀಟರ್ ಹೊಸ ನೀರು ಬಿಡಬೇಕು. 401 ಅಡಿ ಉದ್ದದ ಕಾಂಕ್ರೀಟು ಒಹಾಯೊದ ಕೊರೆಯುವ ಚಳಿಗೂ ಬೇಸಿಗೆಯ ಸುಡುಬಿಸಿಲಿಗೂ ನಡುವೆ 6–7 ಸೆಂಟಿಮೀಟರ್ ಹಿಗ್ಗಿ ಕುಗ್ಗುತ್ತದೆ. ಹಾಸನ್ನು ತುಂಡು ತುಂಡಾಗಿ ಹಾಕಿ, ನಡುವೆ ಸಂದು ಬಿಟ್ಟು, ಸಂದಿಗೆ ಮೆದು ಡಾಂಬರು ತುಂಬದಿದ್ದರೆ ಅದು ತನಗೆ ಬೇಕಾದಲ್ಲಿ ಒಡೆಯುತ್ತದೆ. ಇಂಥ ಕೊಳವನ್ನು 98 ವರ್ಷ ನಡೆಸಿದ ಕೆಲಸಗಾರರ ಬಗ್ಗೆ ನನಗೆ ಬಹಳ ಗೌರವವಿದೆ. ಅವರ ಕೆಲಸ ಯಾರ ಕಣ್ಣಿಗೂ ಬೀಳುವಂಥದ್ದಲ್ಲ, ನೀರು ಕದಡಿದ ದಿನ ಮಾತ್ರ ಎಲ್ಲರಿಗೂ ಕಾಣುತ್ತದೆ.

1937ರ ಜನವರಿ

ಕೊಳ ಬಂದು ಹನ್ನೆರಡು ವರ್ಷಕ್ಕೆ ನದಿಯೇ ಕೊಳದೊಳಗೆ ಬಂತು. ಸಿನ್ಸಿನಾಟಿಯಲ್ಲಿ 52 ಅಡಿ ದಾಟಿದರೆ ನೆರೆ ಎಂದು ಲೆಕ್ಕ. 1937ರ ಜನವರಿ 26ರಂದು ಮಾಪಕ 79.99 ಅಡಿ ತೋರಿಸಿತು, ನೆರೆಯ ಮಟ್ಟಕ್ಕಿಂತ 28 ಅಡಿ ಮೇಲೆ. ಆ ದಾಖಲೆ ಇವತ್ತಿಗೂ ಮುರಿದಿಲ್ಲ. ಎರಡು ದಿನ ಮುಂಚೆ, 24ರ ಭಾನುವಾರ, ಊರಿನ ಇನ್ನೊಂದು ತುದಿಯ ಮಿಲ್ ಕ್ರೀಕ್ ಕಣಿವೆಯಲ್ಲಿ ತೈಲದ ತೊಟ್ಟಿಗಳು ಬುಡ ಕಿತ್ತು ತೇಲಿ, ನೀರಿನ ಮೇಲೆ ಹರಡಿದ ಎಣ್ಣೆಗೆ ಬೆಂಕಿ ಬಿದ್ದಿತ್ತು. ಆ ದಿನವನ್ನು ಊರು ಈಗಲೂ ಕರಾಳ ಭಾನುವಾರ ಎನ್ನುತ್ತದೆ. ಎಲ್ಲಿ ನೋಡಿದರೂ ನೀರಿದ್ದ ಆ ದಿನಗಳಲ್ಲೇ ಪಂಪುಮನೆಗಳು ಮುಳುಗಿ ಊರಿಗೆ ಕುಡಿಯುವ ನೀರನ್ನು ಅಳೆದು ಕೊಡಬೇಕಾಯಿತು. ಕೋನಿ ಐಲೆಂಡ್ ಪೂರ್ತಿ ಮುಳುಗಿತ್ತು. ನೀರಿನ ಮೇಲೆ ಕಾಣುತ್ತಿದ್ದದ್ದು ರೋಲರ್ ಕೋಸ್ಟರುಗಳ ಎತ್ತರದ ಏರುಗಳು, ಮರದ ತಲೆಗಳು ಮಾತ್ರ.

ಇಷ್ಟಾದರೂ ಪಾರ್ಕ್ ಅದೇ ಬೇಸಿಗೆಗೆ ತೆರೆಯಿತು. ಇದು ಹೇಗೆ ಸಾಧ್ಯ ಎಂದು ತಿಳಿಯಬೇಕಾದರೆ ಹೊಳೆಬದಿಯವರು ನೆರೆಯನ್ನು ಎದುರಿಸುವ ಕ್ರಮ ಗೊತ್ತಿರಬೇಕು. ಒಹಾಯೊ ದೊಡ್ಡ ನದಿ, ಮೇಲಿನ ಪೋರ್ಟ್ಸ್‌ಮತ್, ಹಂಟಿಂಗ್ಟನ್ ಊರುಗಳ ಮಾಪಕ ನೋಡಿ ಎರಡು ಮೂರು ದಿನ ಮುಂಚೆಯೇ ಅಂದಾಜು ಸಿಗುತ್ತದೆ. ಮೊದಲು ಬಿಚ್ಚುವುದು ಮೋಟರುಗಳನ್ನು. ಪ್ರತಿ ತಂತಿಗೂ ಚೀಟಿ ಕಟ್ಟಿ, ಬಿಚ್ಚಿ, ಎತ್ತರದ ನೆಲಕ್ಕೆ ಸಾಗಿಸುವುದು. ಮರದ ಮಳಿಗೆಗಳ ಬಾಗಿಲು ಕಿಟಕಿಗಳನ್ನು ಮುಚ್ಚಬಾರದು, ಹಾರುಹೊಡೆದು ತೆರೆದಿಡಬೇಕು. ಮುಚ್ಚಿಟ್ಟರೆ ಒಳಗೆ ಗಾಳಿ, ಹೊರಗೆ ನೀರು, ಮಳಿಗೆ ಬುಡದಿಂದ ಎದ್ದು ತೇಲಿಹೋಗುತ್ತದೆ. ಖಾಲಿ ಟ್ಯಾಂಕುಗಳಿಗೆ ನೀರು ತುಂಬಿಸಬೇಕು, ಕಾರಣ ಅದೇ. ತೇಲುವಂಥದ್ದನ್ನು ಮರಗಳಿಗೆ ಉಕ್ಕಿನ ಹಗ್ಗದಲ್ಲಿ ಕಟ್ಟುವಾಗ ನೀರು ಏರುವಷ್ಟು ಸಡಿಲ ಬಿಡಬೇಕು. ಬಿಗಿದು ಕಟ್ಟಿದರೆ ಹಗ್ಗ ಹರಿಯುತ್ತದೆ ಇಲ್ಲವೇ ಚಾವಣಿ ಕಿತ್ತುಬರುತ್ತದೆ.

ಕೊಳದ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಎಚ್ಚರ ಬೇಕು. ನೆರೆಯ ಕಾಲಕ್ಕೆ ಕೊಳವನ್ನು ಖಾಲಿ ಇಡಬಾರದು. ನದಿ ಏರಿದಂತೆ ನೆಲದೊಳಗಿನ ನೀರೂ ಏರುತ್ತದೆ, ಖಾಲಿ ಕೊಳದ ತಳವನ್ನು ಅಡಿಯಿಂದ ಒತ್ತುತ್ತದೆ. ತಳಕ್ಕಿಂತ ಒಂದೇ ಒಂದು ಅಡಿ ಮೇಲಕ್ಕೆ ಅಂತರ್ಜಲ ನಿಂತರೂ 80,200 ಚದರಡಿ ತಳದ ಮೇಲೆ ಬೀಳುವ ಒತ್ತಡ ಸುಮಾರು 2,270 ಟನ್. ಆರು ಅಂಗುಲ ದಪ್ಪದ ಕಾಂಕ್ರೀಟಿನ ತೂಕ ಚದರಡಿಗೆ 75 ಪೌಂಡು, ಒಂದಡಿ ನೀರು ಒತ್ತುವುದು 62 ಪೌಂಡು. ಅಂದರೆ ಒಂದೂಕಾಲು ಅಡಿ ದಾಟಿದರೆ ಅಂಥ ಹಾಸು ಎದ್ದುಬಿಡುತ್ತದೆ. ಒಳಗೆ ನೀರು ತುಂಬಿದ್ದರೆ ಆ ಭಾರವೇ ತಳವನ್ನು ಒತ್ತಿ ಹಿಡಿದಿರುತ್ತದೆ.

ನೀರು ಇಳಿಯುವಾಗಲೇ ನಿಜವಾದ ಕೆಲಸ ಶುರು. ಕೆಸರು ಒಣಗುವ ಮುಂಚೆ ತೊಳೆಯಬೇಕು ಎಂಬುದು ಹೊಳೆಬದಿಯ ಮೊದಲ ಪಾಠ. ನದಿಯಿಂದಲೇ ಪಂಪು ಹಾಕಿ, ಇಳಿಯುವ ನೀರಿನ ಜೊತೆಜೊತೆಗೇ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ತೊಳೆಯುತ್ತ ಬರುತ್ತಾರೆ, ಕೆಸರು ನದಿಯ ಜೊತೆಯಲ್ಲೇ ವಾಪಸ್ ಹೋಗುತ್ತದೆ. ಎರಡು ದಿನ ತಡವಾದರೆ ಅದನ್ನು ಸನಿಕೆಯಿಂದ ಕೆತ್ತಬೇಕು. ಸನ್‌ಲೈಟ್ ಪೂಲಿನ ತಳದಲ್ಲಿ ಒಂದು ಅಂಗುಲ ಹೂಳು ಕೂತರೂ 190 ಘನಮೀಟರ್ ಆಗುತ್ತದೆ, ಹಸಿ ತೂಕ ಸುಮಾರು 300 ಟನ್. ಮೋಟರು ನೀರು ಕುಡಿದಿದ್ದರೆ ಮೊದಲು ತಿಳಿನೀರಿನಲ್ಲಿ ಕೆಸರು ಹೋಗುವಂತೆ ತೊಳೆದು, ಒಲೆಯಲ್ಲಿ 80–90 ಡಿಗ್ರಿ ಸೆಲ್ಸಿಯಸ್ ಹಿತವಾದ ಕಾವಿನಲ್ಲಿ ಒಣಗಿಸಿ, ವೈಂಡಿಂಗಿನ ನಿರೋಧ ಅಳೆದು ನೋಡಿದ ಮೇಲೆಯೇ ಕರೆಂಟ್ ಕೊಡುವುದು. ಅವಸರ ಮಾಡಿದರೆ ಗುಂಡಿ ಒತ್ತಿದ ಕ್ಷಣಕ್ಕೆ ಸುಟ್ಟುಹೋಗುತ್ತದೆ. ಬೇರಿಂಗಿನ ಗ್ರೀಸೆಲ್ಲ ತೆಗೆದು ಹೊಸದು ತುಂಬಬೇಕು, ಹೂಳಿನ ಒಂದು ಚಿಟಿಕೆ ಸಾಕು ಬೇರಿಂಗನ್ನು ಉಜ್ಜಿ ಹಾಕಲು.

ತಿರುಗುಕುದುರೆಗಳದು ಬೇರೆಯೇ ಸಂಕಟ. ಕೋನಿ ಐಲೆಂಡಿನ ಕರೂಸೆಲ್ 1926ರಲ್ಲಿ ಫಿಲಡೆಲ್ಫಿಯಾ ಟೊಬೊಗನ್ ಕಂಪನಿ ಮಾಡಿಕೊಟ್ಟದ್ದು. ಆ ಕಾಲದ ಕುದುರೆಗಳು ಇಡೀ ದಿಮ್ಮಿಯಲ್ಲಿ ಕೆತ್ತಿದವಲ್ಲ. ಹಲಗೆಗಳನ್ನು ಪ್ರಾಣಿಜನ್ಯ ಅಂಟಿನಿಂದ ಕೂಡಿಸಿ, ಒಳಗೆ ಪೊಳ್ಳು ಬಿಟ್ಟು, ಮೇಲೆ ಕೆತ್ತಿದವು. ಪೊಳ್ಳಾದ್ದರಿಂದ ತೇಲುತ್ತವೆ, ಅಂಟು ನೀರಿಗೆ ಕರಗುವುದರಿಂದ ಕೀಲು ಬಿಡುತ್ತವೆ. ತೊಯ್ದ ಕುದುರೆಯನ್ನು ಬಿಸಿಲಿಗಿಟ್ಟರೆ ಮರ ಸೀಳುತ್ತದೆ. ನೆರಳಿನಲ್ಲಿ ವಾರಗಟ್ಟಲೆ ಆರಲು ಬಿಟ್ಟು, ಹಳೆಯ ಅಂಟನ್ನು ಪೂರ್ತಿ ಕೆರೆದು, ಮತ್ತೆ ಕೂಡಿಸಿ ಬಣ್ಣ ಬಳಿಯಬೇಕು. ಆ ಕರೂಸೆಲ್ ಇಂದಿಗೂ ತಿರುಗುತ್ತಿದೆ, ಬೇರೆ ಜಾಗದಲ್ಲಿ.

ಟೆಲಿಫೋನಿನ ಆ ಕಡೆ

ನೆರೆಗೆ ಬಾಗಿಲು ತೆರೆದಿಡುವುದನ್ನು ಬಲ್ಲ ಪಾರ್ಕ್ ತನ್ನ ಊರಿನ ಕಪ್ಪು ಜನರಿಗೆ ಬಾಗಿಲು ಮುಚ್ಚಿತ್ತು. 1952ರಲ್ಲಿ ಮೇರಿಯನ್ ಸ್ಪೆನ್ಸರ್ ಎಂಬ ತಾಯಿ ಪಾರ್ಕಿಗೆ ಫೋನ್ ಮಾಡಿದರು. ಟಿವಿಯಲ್ಲಿ ಮಕ್ಕಳನ್ನೆಲ್ಲ ಕೋನಿ ಐಲೆಂಡಿಗೆ ಕರೆಯುವ ಜಾಹೀರಾತು ನೋಡಿ ಅವರ ಇಬ್ಬರು ಗಂಡುಮಕ್ಕಳು ಹೋಗೋಣ ಎಂದಿದ್ದರು. ಎಲ್ಲ ಮಕ್ಕಳೂ ಬರಬಹುದೇ ಎಂದು ಅವರು ಕೇಳಿದರು. ಬರಬಹುದು ಎಂಬ ಉತ್ತರ ಬಂತು. ನಾವು ನೀಗ್ರೋಗಳು ಎಂದು ಅವರು ತಿಳಿಸಿದಾಗ ಉತ್ತರ ಬದಲಾಯಿತು. ಫೋನ್ ಎತ್ತಿದ ಹುಡುಗಿಗೆ ಅದನ್ನು ಹೇಳುವುದು ಕಷ್ಟವಾಗಿತ್ತು, ನಿಯಮ ಅವಳದಲ್ಲ ಎಂದು ಅವರು ಮುಂದೆ ನೆನೆದಿದ್ದಾರೆ. ಅವರು ಗೇಟಿಗೂ ಹೋದರು, ಕಾವಲುಗಾರ ತಡೆದ. ನಂತರ ಕಪ್ಪು ಜನರ ಹಕ್ಕಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ಬೆಂಬಲದಿಂದ ಕೋರ್ಟಿಗೆ ಹೋದರು.

1955ರಲ್ಲಿ ಪಾರ್ಕಿನ ಗೇಟು ತೆರೆಯಿತು. ಕೊಳವೂ ನೃತ್ಯಾಂಗಣವೂ ತೆರೆಯಲಿಲ್ಲ. ಅವಕ್ಕೆ 1961ರವರೆಗೆ ಕಾಯಬೇಕಾಯಿತು. ರೋಲರ್ ಕೋಸ್ಟರಿನಲ್ಲಿ ಒಟ್ಟಿಗೆ ಕೂರಬಹುದು, ಒಂದೇ ನೀರಿಗೆ ಒಟ್ಟಿಗೆ ಇಳಿಯಬಾರದು ಎಂಬ ಈ ಆರು ವರ್ಷದ ಅಂತರವನ್ನು ನಾನು ಮತ್ತೆ ಮತ್ತೆ ಯೋಚಿಸುತ್ತೇನೆ. ಎಷ್ಟೇ ಜನ ಇಳಿದರೂ ಅವರ ಬೆವರು, ಕೊಳೆ ಎಲ್ಲವನ್ನೂ ತೆಗೆದು ನೀರನ್ನು ಮತ್ತೆ ತಿಳಿ ಮಾಡುವುದಕ್ಕೆಂದೇ ಅಷ್ಟು ದೊಡ್ಡ ಯಂತ್ರವನ್ನು ಅಲ್ಲಿ ಕೂರಿಸಿದ್ದರು. ಶುಚಿಯ ನೆಪ ಹೇಳುವ ಹಕ್ಕು ಆ ಕೊಳಕ್ಕಂತೂ ಇರಲಿಲ್ಲ. ಬೇಲಿ ಹಾಕಿದ ನೀರು ಯಾರದೋ ಒಡೆತನದ ನೀರು, ಇಳಿಯಲು ಅವರ ಅಪ್ಪಣೆ ಬೇಕು. ಸ್ಪೆನ್ಸರ್ 1983ರಲ್ಲಿ ಸಿನ್ಸಿನಾಟಿ ನಗರಸಭೆಗೆ ಆರಿಸಿಬಂದ ಮೊದಲ ಕಪ್ಪು ಮಹಿಳೆಯಾದರು, 2019ರಲ್ಲಿ ತೀರಿಕೊಂಡರು.

ಎತ್ತರದ ನೆಲಕ್ಕೆ

1947ರ ಸೆಪ್ಟೆಂಬರ್ 9ರಂದು ಪಿಟ್ಸ್‌ಬರ್ಗಿನ ದಂಡೆಯಲ್ಲಿ ಐಲೆಂಡ್ ಕ್ವೀನ್ ಸ್ಫೋಟಗೊಂಡಿತು. ವೆಲ್ಡಿಂಗ್ ಮಾಡುವಾಗ ಕಿಡಿ ಇಂಧನದ ಟ್ಯಾಂಕಿಗೆ ತಗುಲಿ 19 ಜನ ಸತ್ತರು. ಆ ಸ್ಟೀಮರಿಗೆ ಬದಲಿ ಬರಲಿಲ್ಲ. ಅಲ್ಲಿಂದ ಮುಂದೆ ಜನ ಬಂದದ್ದು ಕಾರಿನಲ್ಲಿ, ರಸ್ತೆಯ ಕಡೆಯಿಂದ. ನದಿ ಪಾರ್ಕಿನ ಮುಂಬಾಗಿಲಾಗಿದ್ದದ್ದು ಹಿತ್ತಲಾಯಿತು. ತಗ್ಗಿನಲ್ಲಿರುವುದಕ್ಕೆ ಇದ್ದ ಒಂದೇ ಕಾರಣವೂ ಹೋಯಿತು, ನೆರೆ ಮಾತ್ರ ಉಳಿಯಿತು. 1964ರ ಮಾರ್ಚಿನಲ್ಲಿ ಮಾಪಕ 66.2 ಅಡಿಗೆ ಏರಿ ಪಾರ್ಕ್ ಮತ್ತೆ ಮುಳುಗಿದಾಗ ಮಾಲೀಕರು ಬೇರೆ ನೆಲ ನೋಡತೊಡಗಿದ್ದು ಸಹಜವೇ. 1969ರಲ್ಲಿ ಟಾಫ್ಟ್ ಬ್ರಾಡ್‌ಕಾಸ್ಟಿಂಗ್ ಪಾರ್ಕನ್ನು ಕೊಂಡಿತು, ಊರಿನ ಉತ್ತರಕ್ಕೆ ಒಹಾಯೊ ನೆರೆ ಮುಟ್ಟದ ಸುಮಾರು 1,600 ಎಕರೆಯಲ್ಲಿ ಕಿಂಗ್ಸ್ ಐಲೆಂಡ್ ಕಟ್ಟಿತು. 1971ರ ಸೆಪ್ಟೆಂಬರ್ 6ಕ್ಕೆ ಹಳೆಯ ಪಾರ್ಕ್ ಮುಚ್ಚಿತು, 1972ರ ಏಪ್ರಿಲ್ 29ಕ್ಕೆ ಹೊಸದು ತೆರೆಯಿತು. ಕರೂಸೆಲ್ಲೂ ಕೆಲವು ಆಟಗಳೂ ಅಲ್ಲಿಗೆ ಹೋದವು. ಶೂಟಿಂಗ್ ಸ್ಟಾರ್ ಎಂಬ ಮರದ ರೋಲರ್ ಕೋಸ್ಟರನ್ನು ಕೆಡವಿದರು.

ಎತ್ತಿಕೊಂಡು ಹೋಗಲಾಗದ್ದು ಕೊಳ ಒಂದೇ. ಅದರಿಂದಲೇ ಹಳೆಯ ಜಾಗ ಮತ್ತೆ ಜೀವ ಹಿಡಿಯಿತು. ಮುಂದಿನ ಐವತ್ತು ವರ್ಷ ಸನ್‌ಲೈಟ್ ಪೂಲ್ ಬೇಸಿಗೆ ಬೇಸಿಗೆಗೆ ತೆರೆಯುತ್ತಲೇ ಬಂತು. 1984ರಲ್ಲಿ ಪಕ್ಕದಲ್ಲಿ ರಿವರ್‌ಬೆಂಡ್ ಸಂಗೀತ ರಂಗಮಂದಿರ ಬಂತು. 1997ರ ಮಾರ್ಚಿನ 64.7 ಅಡಿಯ ನೆರೆಯನ್ನೂ ಕೊಳ ಕಂಡಿತು. 2023ರ ಡಿಸೆಂಬರಿನಲ್ಲಿ ಜಾಗವನ್ನು ಸಿನ್ಸಿನಾಟಿ ಸಿಂಫನಿ ಆರ್ಕೆಸ್ಟ್ರಾದ ಅಂಗಸಂಸ್ಥೆಗೆ ಮಾರಿದ ಸುದ್ದಿ ಬಂತು, ವರ್ಷದ ಕೊನೆಯ ದಿನ ಕೋನಿ ಐಲೆಂಡ್ ಮುಚ್ಚಿತು. ಅಲ್ಲಿ ಹೊಸ ಸಂಗೀತ ಮಂದಿರ ಕಟ್ಟುವ ಯೋಜನೆ ಬಂತು. ಕೊಳವನ್ನಾದರೂ ಉಳಿಸಿ ಎಂದು ಜನ ಸಹಿ ಸಂಗ್ರಹಿಸಿದರು, ಅದು ಉಳಿಯಲಿಲ್ಲ. ಸಂಗೀತ ಮಂದಿರ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಮೈ ಅದ್ದುವುದಕ್ಕೆಂದು ಈ ದಂಡೆ ಒಂದೂವರೆ ಶತಮಾನದಲ್ಲಿ ಕೊಟ್ಟ ಎರಡೂ ಜಾಗಗಳು, ಮೊದಲು ಮರಳು, ಆಮೇಲೆ ಕೊಳ, ಹೋದದ್ದಕ್ಕೆ ನನಗೆ ನಿಜವಾಗಿ ನೋವಿದೆ.

ಮತ್ತೆ ಹೊಳೆಗೇ ಇಳಿಯಬಹುದೇ

ಹಾಗಾದರೆ ನದಿ ಇದೆಯಲ್ಲ? 1948ರ ಒಪ್ಪಂದದಿಂದ ಹುಟ್ಟಿದ ಆಯೋಗ, ಓರ್ಸಾಂಕೊ, ಜನ ನೀರಿಗಿಳಿಯುವ ತಿಂಗಳುಗಳಲ್ಲಿ ದೊಡ್ಡ ಊರುಗಳ ಬಳಿ ನೀರಿಗೆ ಮಲ ಬೆರೆತದ್ದನ್ನು ತೋರಿಸುವ ಇ. ಕೋಲೈ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡುತ್ತದೆ. 100 ಮಿಲಿಲೀಟರಿಗೆ ಸರಾಸರಿ 130 ದಾಟಬಾರದು, ಬಿಡಿ ಮಾದರಿಗೆ 240 ಎಂಬ ಗೆರೆ. ಒಣ ದಿನಗಳಲ್ಲಿ ನೀರು ಹೆಚ್ಚಾಗಿ ಈ ಗೆರೆಯೊಳಗೇ ಇರುತ್ತದೆ. ಕೆಡಿಸುವುದು ಮಳೆ. ಹಳೆಯ ಊರುಗಳಲ್ಲಿ ಮಳೆನೀರೂ ಕೊಳಚೆಯೂ ಒಂದೇ ಕೊಳವೆಯಲ್ಲಿ ಹರಿಯುತ್ತವೆ, ಜೋರು ಮಳೆಗೆ ಅದು ತುಂಬಿ ನದಿಗೆ ಉಕ್ಕುತ್ತದೆ. ಆದ್ದರಿಂದ ಮಳೆಯಾದ ಮೇಲೆ ಎರಡು ಮೂರು ದಿನ ಇಳಿಯಬೇಡಿ ಎನ್ನುತ್ತಾರೆ. ಈ ಎರಡು ನೀರನ್ನು ಬೇರ್ಪಡಿಸುವ ಕೆಲಸ ನಿಧಾನವಾಗಿ ನಡೆದಿದೆ. 2021ರಲ್ಲಿ ಊರಿನ ಪಶ್ಚಿಮದಲ್ಲಿ ಲಿಕ್ ರನ್ ತೊರೆಯನ್ನು ಮತ್ತೆ ಬಯಲಿಗೆ ತಂದು ಮಳೆನೀರಿಗೆ ಬೇರೆ ದಾರಿ ಮಾಡಿದ್ದು ಅದರ ಭಾಗ.

ನೀರು ಶುದ್ಧವಾದರೆ ತೀರ ತಾನಾಗಿ ಬಂದುಬಿಡುವುದಿಲ್ಲ. ನಡುಹೊಳೆಯಲ್ಲಿ ಬಾರ್ಜ್ ಎಂಬ 15 ಸರಕುದೋಣಿಗಳನ್ನು ಮೂರು ಸಾಲು ಕಟ್ಟಿ ತಳ್ಳಿಕೊಂಡು ಹೋಗುವ ಟೋಬೋಟುಗಳಿವೆ, ಉದ್ದ ಸಾವಿರ ಅಡಿ ದಾಟುತ್ತದೆ. ಅವು ಹಾದುಹೋಗುವಾಗ ದಂಡೆಯ ನೀರು ಮೊದಲು ಒಳಕ್ಕೆ ಸೆಳೆದು ಆಮೇಲೆ ನುಗ್ಗಿಬರುತ್ತದೆ. ಮೊಣಕಾಲುದ್ದದ ನೀರಿನಲ್ಲಿ ನಿಂತ ಮಗುವನ್ನು ಕೆಡವಲು ಅಷ್ಟು ಸಾಕು. ಅದನ್ನು ತಪ್ಪಿಸಲು ಒಳಚಾಚಿನಲ್ಲಿ, ಹಿನ್ನೀರಿನಲ್ಲಿ ತೀರ ಮಾಡೋಣವೆಂದರೆ ಅಲ್ಲಿ ನೀರು ನಿಲ್ಲುತ್ತದೆ, ಪಾಚಿ ಕಟ್ಟುತ್ತದೆ. 2015ರ ಬೇಸಿಗೆಯ ಕೊನೆಗೆ ಹರಿವು ಇಳಿದು 600 ಮೈಲಿಗೂ ಹೆಚ್ಚು ಉದ್ದಕ್ಕೆ ವಿಷಪಾಚಿ ಹಬ್ಬಿತ್ತು. ಮರಳು ತಂದು ಹಾಸಿದರೆ ಮೊದಲ ಚಳಿಗಾಲದ ನೆರೆ ಅದನ್ನು ಕೊಂಡೊಯ್ಯುತ್ತದೆ, ಇಲ್ಲವೇ ಅದರ ಮೇಲೆ ಹೂಳು ಹೊದಿಸುತ್ತದೆ.

ಇಷ್ಟೆಲ್ಲ ತೊಡಕಿದ್ದರೂ ಮಾಡಬಹುದಾದದ್ದು ಒಂದಿದೆ ಎಂದು ನನಗನಿಸುತ್ತದೆ. ಮರಳಿನ ಆಸೆ ಬಿಟ್ಟು, ಐಲೆಂಡ್ ಕ್ವೀನ್ ನಿಲ್ಲುತ್ತಿದ್ದ ಕಡೆಯಲ್ಲಿ ಕಲ್ಲಿನ ಅಗಲ ಮೆಟ್ಟಿಲುಗಳನ್ನು ಕಟ್ಟುವುದು. ಬೇಸಿಗೆಯ ನೀರಿನ ಮಟ್ಟಕ್ಕಿಂತ ನಾಲ್ಕೈದು ಅಡಿ ಕೆಳಗಿನವರೆಗೂ ಅವು ಇಳಿಯಬೇಕು, ಅಲೆಯ ಸೆಳೆತಕ್ಕೆ ತೇಲುದಿಮ್ಮಿಗಳ ತಡೆ ಇರಬೇಕು, ಆ ವಾರದ ಪರೀಕ್ಷೆಯ ಅಂಕಿ ಮೇಲಿನ ಹಲಗೆಯಲ್ಲಿ ಬರೆದಿರಬೇಕು. ಮೆಟ್ಟಿಲ ಬದಿಯ ಕೈಹಿಡಿ ಕಂಬಿಗಳನ್ನು ಅಕ್ಟೋಬರಿನಲ್ಲಿ ಬಿಚ್ಚಿ ಎತ್ತಿಡುವಂತೆ ಬೋಲ್ಟು ಹಾಕಬೇಕು, ಇಲ್ಲದಿದ್ದರೆ ನೆರೆಯಲ್ಲಿ ತೇಲಿಬರುವ ದಿಮ್ಮಿಗಳು ಅವಕ್ಕೆ ಸಿಕ್ಕಿ ಮೆಟ್ಟಿಲನ್ನೇ ಕೀಳುತ್ತವೆ. ಗೇಟು ಮಾತ್ರ ಬೇಡ.